ಅಟ್ಟದಲ್ಲಿದ್ದ ಮೂರು ಅಡಿಕೆ

ಹರಾಜು ಎಂದರೇನೆಂದು ನಮ್ಮ ಸದಸ್ಯ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಲಾಟಿನ ಮುಂದೆ ಚೀಲದ ಬಾಯಿ ಬಿಚ್ಚಿಡುವುದು, ವ್ಯಾಪಾರಸ್ಥರು ಬಂದು ಒಂದು ಹಿಡಿ ರಾಶಿ ಅಡಿಕೆ ಎತ್ತಿ ಮೂಸಿ ನೋಡುವುದು, ಒಂದನ್ನು ಕತ್ತರಿಸಿ ಒಳಗಿನ ಬಣ್ಣ ಪರೀಕ್ಷಿಸುವುದು, ಚೀಟಿಯಲ್ಲಿ ದರ ಬರೆಯುವುದು, ಆಮೇಲೆ ನಾವು ಬಂದ ದರ ಕೇಳಿ ಕೊಡೋಣವೋ ಬೇಡವೋ ಎಂದು ಕಂಬಕ್ಕೆ ಒರಗಿ ಯೋಚಿಸುವುದು, ಇವೆಲ್ಲ ನಮ್ಮ ನಿತ್ಯದ ಅನುಭವ. ಕಾಫಿ ಬೆಳೆಯುವ ಹಿರಿಯರಿಗೆ ಕಾಫಿ ಮಂಡಳಿಯ ಪೂಲ್ ಕಾಲದ ಹರಾಜುಗಳೂ ನೆನಪಿರುತ್ತವೆ. ಈ ಬಾರಿ ನಾವು ಬರೆಯಹೊರಟಿರುವುದು ಇನ್ನೊಂದು ಬಗೆಯ ಹರಾಜಿನ ಬಗ್ಗೆ. ಅಲ್ಲಿ ಮಾರಾಟಕ್ಕೆ ಬರುವುದು ಹಳೆಯ ಕತ್ತಿ, ಚಿತ್ರ, ಪೆಟ್ಟಿಗೆ, ಕುರ್ಚಿ, ನಾಣ್ಯ. ಆದರೂ ಆ ಸುದ್ದಿಯಲ್ಲಿ ಅಡಿಕೆಯೂ ಇತ್ತು. ಮೂರೇ ಮೂರು.

2019ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತದಲ್ಲಿ ಈ ಹರಾಜು ನಡೆಯಿತು. ನಡೆಸಿದ್ದು ಆಂಟನಿ ಕ್ರಿಬ್ ಎಂಬ ಸಂಸ್ಥೆ. ಲಂಡನ್ನಿನ ಭಾರಿ ಹರಾಜು ಸಂಸ್ಥೆಗಳ ಸಾಲಿನದಲ್ಲ. ಹಳೆಯ ಆಯುಧಗಳ ವ್ಯವಹಾರ ಮಾಡುವ, ಜಿಲ್ಲಾ ಮಟ್ಟದ್ದು ಎನ್ನಬಹುದಾದ ಸಂಸ್ಥೆ. ಆ ಕಡೆಯ ಒಂದು ದಂಪತಿಗಳ ಮನೆಯ ಅಟ್ಟದಲ್ಲಿ ಹಳೆಯ ಸುದ್ದಿಪತ್ರಿಕೆಯಲ್ಲಿ ಸುತ್ತಿಟ್ಟ ಎಂಟು ವಸ್ತುಗಳು ಇದ್ದುವಂತೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಮೇಜರ್ ಥಾಮಸ್ ಹಾರ್ಟ್ ಎಂಬ ಪೂರ್ವಿಕನಿಂದ ಅವು ಆ ಕುಟುಂಬಕ್ಕೆ ಇಳಿದು ಬಂದಿದ್ದವು. ಹಾರ್ಟ್ 1799ರ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದವನು. ಎಂಟರಲ್ಲಿ ಬೆಳ್ಳಿ ಕಟ್ಟಿನ ಒಂದು ಚಕಮಕಿ ಬಂದೂಕು, ಚಿನ್ನದ ಕೆಲಸದ ಕತ್ತಿ, ಹಾರ್ಟನ ಮುದ್ರೆಯುಂಗುರ ಮುಂತಾದವುಗಳ ಜೊತೆಗೆ ಅಡಿಕೆ ಇಡುವ ಒಂದು ಪುಟ್ಟ ಕರಡಿಗೆಯೂ ಇತ್ತು. ಅದರೊಳಗೆ ಇನ್ನೂರಿಪ್ಪತ್ತು ವರ್ಷಗಳಿಂದ ಯಾರೂ ಮುಟ್ಟದೆ ಉಳಿದ ಮೂರು ಅಡಿಕೆ.

ಪತ್ರಿಕೆಯಲ್ಲಿ ಈ ಸುದ್ದಿ ಓದಿದ ದಿನ ನಮ್ಮ ಕಣ್ಣು ಬಂದೂಕಿನ ಮೇಲೆ ನಿಲ್ಲಲಿಲ್ಲ, ಆ ಮೂರು ಅಡಿಕೆಯ ಮೇಲೆ ನಿಂತಿತು. ಇಂಗ್ಲಿಷರು ಅಡಿಕೆಯನ್ನು ವೀಳ್ಯದೆಲೆಯ ಹೆಸರಿನಲ್ಲಿ ಕರೆಯುವವರು, ಅವರ ಬಾಯಲ್ಲಿ ಅದು ಬೀಟಲ್ ನಟ್. ಆದರೆ ಸಸ್ಯಶಾಸ್ತ್ರದ ಅರೆಕಾ ಎಂಬ ಹೆಸರು ನಮ್ಮ ಕಡೆಯ ಅಡಿಕೆ, ಅಡಕ್ಕ ಎಂಬ ಮಾತುಗಳಿಂದಲೇ ಪೋರ್ಚುಗೀಸರ ಮೂಲಕ ಹೋದದ್ದು. ಆ ಮೂರು ಅಡಿಕೆ ಯಾವ ತೋಟದ್ದೋ, ಯಾರು ಸುಲಿದದ್ದೋ, ಯಾರು ಬೇಯಿಸಿ ಒಣಗಿಸಿದ್ದೋ.

ಹರಾಜಿನಲ್ಲಿ ಎಲ್ಲ ಸೇರಿ ಬಂದದ್ದು 1,07,000 ಪೌಂಡ್. ಅಂದಿನ ವಿನಿಮಯ ದರದಲ್ಲಿ ಒಂದು ಕೋಟಿ ರೂಪಾಯಿಗೆ ಸ್ವಲ್ಪ ಕಡಿಮೆ. ಅದರಲ್ಲಿ ಬಂದೂಕು ಒಂದಕ್ಕೇ 60,000 ಪೌಂಡ್, ಚಿನ್ನದ ಕೆಲಸದ ಕತ್ತಿಗೆ 18,500 ಪೌಂಡ್. ಇವು ಲೂಟಿಯ ಮಾಲು, ಭಾರತಕ್ಕೆ ಮರಳಿಸಬೇಕು ಎಂಬ ಕೂಗು ಎದ್ದಿತು. ಹರಾಜು ನಿಲ್ಲಲಿಲ್ಲ.

ಬಂದೂಕಿನ ಬೆಲೆಯಲ್ಲಿ ನಮ್ಮ ವೃತ್ತಿಯವರಿಗೆ ವಿಚಿತ್ರವೆನಿಸುವ ಒಂದು ಸಂಗತಿ ಇದೆ. ಅದರ ಮರದ ಭಾಗ ಒಡೆದಿತ್ತು. ಅರಮನೆಯ ಆಯುಧಶಾಲೆಯಲ್ಲಿ ನೇತುಹಾಕಿದ್ದ ಬಂದೂಕಲ್ಲ, ಕದನದ ನೆಲದಿಂದ ನೇರವಾಗಿ ಎತ್ತಿಕೊಂಡದ್ದು ಎಂಬುದಕ್ಕೆ ಹರಾಜಿನವರು ಆ ಪೆಟ್ಟನ್ನೇ ಸಾಕ್ಷಿಯಾಗಿ ತೋರಿಸಿದರು. ನಮ್ಮ ಮಂಡಿಯಲ್ಲಿ ಒಡಕು ಅಡಿಕೆಗೆ ದರ ಇಳಿಯುತ್ತದೆ. ಅಲ್ಲಿ ಒಡಕಿನಿಂದಲೇ ಏರಿತು. ಅಲ್ಲಿ ಕೊಳ್ಳುವವನು ಬಂದೂಕಿನ ಮರಕ್ಕೆ, ಬೆಳ್ಳಿಗೆ ಹಣ ಕೊಡುತ್ತಿಲ್ಲ. ಅದು ಯಾರ ಕೈಯಲ್ಲಿತ್ತು, ಎಲ್ಲಿತ್ತು, ಅಲ್ಲಿಂದ ಇಲ್ಲಿಯವರೆಗೆ ಯಾವ ದಾರಿಯಲ್ಲಿ ಬಂತು ಎಂಬುದಕ್ಕೆ ಕೊಡುತ್ತಿದ್ದಾನೆ. ಇದನ್ನು ಆ ವ್ಯಾಪಾರದಲ್ಲಿ ವಸ್ತುವಿನ ಪೂರ್ವಚರಿತ್ರೆ ಎನ್ನುತ್ತಾರೆ. ಇದು ಇಲ್ಲದ ಕತ್ತಿ ಬರೀ ಕಬ್ಬಿಣ.

ಶ್ರೀರಂಗಪಟ್ಟಣದಿಂದ ಹೋದ ವಸ್ತುಗಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲ ಹರಾಜು ನಡೆದದ್ದು ಲಂಡನ್ನಿನಲ್ಲಲ್ಲ, ನಮ್ಮ ನೆಲದಲ್ಲೇ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ರಾತ್ರಿ ಊರಿಡೀ ಲೂಟಿಯಾಯಿತು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ ಆಗ ಕರ್ನಲ್. ಲೂಟಿಯಾಗದ ಮನೆ ಉಳಿದಿಲ್ಲವೆಂದೂ, ಬೆಲೆಬಾಳುವ ಒಡವೆಗಳನ್ನೂ ಚಿನ್ನದ ಗಟ್ಟಿಗಳನ್ನೂ ಸಿಪಾಯಿಗಳು ದಂಡಿನ ಬಜಾರಿನಲ್ಲಿ ಮಾರಾಟಕ್ಕಿಟ್ಟಿದ್ದಾರೆಂದೂ ಅವನು ತನ್ನ ಅಣ್ಣನಿಗೆ ಬರೆದಿದ್ದಾನೆ. ಗಲ್ಲಿಗೇರಿಸಿ, ಚಾಟಿಯಲ್ಲಿ ಹೊಡೆಸಿ ಲೂಟಿ ನಿಲ್ಲಿಸಬೇಕಾಯಿತು. ಆಮೇಲೆ ಅರಮನೆಯ ಸೊತ್ತನ್ನು ಹಂಚಲು ಒಂದು ಸಮಿತಿ ಕೂತಿತು. ಹುಲಿಯ ಮೇಲೆ ನಿಂತಂತಿದ್ದ ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ಪಾಲು ಮಾಡಲೆಂದು ಒಡೆದು ತುಂಡು ಮಾಡಿದರು. ಇಡಿಯಾಗಿ ಇಂಗ್ಲೆಂಡಿನ ದೊರೆಗೆ ಕಳಿಸಬೇಕೆಂದಿದ್ದ ಗವರ್ನರ್ ಜನರಲ್ಲನಿಗೇ, ಅಂದರೆ ಆರ್ಥರನ ಅಣ್ಣನಿಗೇ, ಇದು ತಿಳಿದು ಬೇಸರವಾಯಿತಂತೆ. ದೊಡ್ಡ ಹುಲಿಯ ತಲೆ ಮತ್ತು ಹುಮಾ ಪಕ್ಷಿ ಇಂಗ್ಲೆಂಡಿನ ರಾಜಮನೆತನಕ್ಕೆ ಹೋದವು. ಸಿಂಹಾಸನದ ಕಟಾಂಜನದ ಮೇಲಿದ್ದ ಚಿಕ್ಕ ಹುಲಿಮುಖಗಳು ಯಾರು ಯಾರ ಪಾಲಿಗೋ ಹೋದವು. ಇಂಗ್ಲಿಷ್ ಸಿಪಾಯಿಯ ಮೇಲೆ ಹುಲಿ ಎರಗಿರುವ ಮರದ ಯಂತ್ರದ ಆಟಿಕೆ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತು ಸಂಗ್ರಹಾಲಯದಲ್ಲಿದೆ.

ಚಿನ್ನದ ಗಟ್ಟಿಯನ್ನು ಬಜಾರಿನಲ್ಲಿ ಸಿಕ್ಕಿದ ಬೆಲೆಗೆ ಮಾರಿದ ಸಿಪಾಯಿಯ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಗಂಟು ಕಟ್ಟಿ ಮನೆಗೊಯ್ದು, ಎಲ್ಲಿಂದ ತಂದದ್ದೆಂದು ಮಕ್ಕಳಿಗೆ ಹೇಳಿದವರ ಮರಿಮಕ್ಕಳು ಲಾಭ ಪಡೆದರು. ಚಿಕ್ಕ ಹುಲಿಮುಖಗಳಲ್ಲಿ ಒಂದು 2009ರಲ್ಲಿ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ 3,89,600 ಪೌಂಡಿಗೆ ಹೋಯಿತು. ಮರುವರ್ಷ ಇನ್ನೊಂದು 4,34,400 ಪೌಂಡಿಗೆ. 2021ರಲ್ಲಿ ಅಂಥದೇ ಒಂದು ಹುಲಿಮುಖ ಬ್ರಿಟನ್ನಿನಿಂದ ಹೊರಹೋಗದಂತೆ ಅಲ್ಲಿನ ಸರಕಾರ ತಾತ್ಕಾಲಿಕ ತಡೆ ಹಾಕಿತು, ಆಗ ಅದರ ಬೆಲೆ 15 ಲಕ್ಷ ಪೌಂಡ್. ತಮ್ಮ ದೇಶದ ಪರಂಪರೆಗೆ ಸೇರಿದ ವಸ್ತು ಕೈತಪ್ಪಬಾರದು ಎಂಬುದು ಅವರ ವಾದ. ಇದನ್ನು ಓದಿ ನಾವು ನಕ್ಕದ್ದು ನಿಜ. ಆದರೆ ಒಂದು ದೇಶ ತನ್ನಲ್ಲಿರುವ ವಸ್ತುವನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಪಾಠವೂ ಅದರಲ್ಲಿತ್ತು.

2023ರ ಮೇ 23ರಂದು ಟಿಪ್ಪುವಿನ ಮಲಗುವ ಕೋಣೆಯ ಕತ್ತಿ ಬೊನ್‌ಹ್ಯಾಮ್ಸ್‌ನಲ್ಲೇ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ, ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮೇಲೆ, ಮಾರಾಟವಾದದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಹರಾಜಿಗೆ ಮುಂಚೆ ಅಂದಾಜು ಮಾಡಿದ್ದು 15ರಿಂದ 20 ಲಕ್ಷ ಪೌಂಡ್ ಮಾತ್ರ. ಆ ಸುದ್ದಿ ಬಂದ ವಾರ ನಮ್ಮ ಸಂಘದ ಕಚೇರಿಯ ಜಗಲಿಯಲ್ಲಿ ಬೇರೆ ಮಾತೇ ಇರಲಿಲ್ಲ. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಕ್ರಿಸ್ಟೀಸ್ ಸಂಸ್ಥೆಯವರು ಟಿಪ್ಪುವಿನದೇ ಇನ್ನೊಂದು ಕತ್ತಿಯನ್ನು ಹೆಚ್ಚು ಕಡಿಮೆ ಅದೇ ಅಂದಾಜಿಗೆ ಹರಾಜಿಗಿಟ್ಟಾಗ ಅದು ಮಾರಾಟವಾಗದೆ ಉಳಿಯಿತು. ಈ ಎರಡನೆಯ ಸುದ್ದಿಯನ್ನು ನಮ್ಮಲ್ಲಿ ಓದಿದವರು ಕಡಿಮೆ. ಮಂಡಿಯಲ್ಲಿ ಒಬ್ಬರಿಗೆ ಒಂದು ದಿನ ಬಂದ ಅತಿ ಹೆಚ್ಚಿನ ದರವನ್ನೇ ಊರೆಲ್ಲ ಹೇಳಿಕೊಂಡು ತಿರುಗುವ ಅಭ್ಯಾಸ ನಮ್ಮದು. ಹಳೆಯ ವಸ್ತುಗಳ ಹರಾಜಿನಲ್ಲೂ ಇದೇ ನಡೆಯುತ್ತದೆ.

ಈ ಹರಾಜಿನ ಕ್ರಮ ನಮ್ಮದಕ್ಕಿಂತ ತೀರಾ ದೂರವೇನಲ್ಲ. ವಸ್ತುವನ್ನು ಒಪ್ಪಿಸಿದವನೊಡನೆ ಮಾತಾಡಿ ಒಂದು ಕನಿಷ್ಠ ದರ ಗೊತ್ತು ಮಾಡುತ್ತಾರೆ. ಅದಕ್ಕೆ ಮುಟ್ಟದಿದ್ದರೆ ಮಾಲು ಹಿಂದಕ್ಕೆ. ಪ್ರತಿ ಲಾಟಿಗೂ ನಂಬರು ಕೊಟ್ಟು, ಅಳತೆ, ಕಾಲ, ಎಲ್ಲಿಯದು, ಎಲ್ಲಿ ಬಿರುಕಿದೆ, ಎಲ್ಲಿ ಬೆಸುಗೆ ಹಾಕಿದೆ ಎಂಬುದನ್ನೆಲ್ಲ ಬರೆದು, ಫೋಟೋ ಸಹಿತ ಪುಸ್ತಕ ಅಚ್ಚು ಹಾಕಿಸಿ ವಾರಗಳ ಮುಂಚೆ ಹಂಚುತ್ತಾರೆ. ಕೊಳ್ಳುವವರು ಬಂದು ಕೈಯಲ್ಲಿ ಹಿಡಿದು ನೋಡಲು ದಿನ ಗೊತ್ತು ಮಾಡುತ್ತಾರೆ. ನಮ್ಮಲ್ಲಿ ಚೀಟಿ ಗುಟ್ಟಾಗಿ ಬೀಳುತ್ತದೆ, ಅಲ್ಲಿ ಬಾಯಿಮಾತಿನಲ್ಲಿ, ದೂರವಾಣಿಯಲ್ಲಿ, ಈಗೀಗ ಕಂಪ್ಯೂಟರಿನಲ್ಲಿ ಎಲ್ಲರೆದುರು ಸವಾಲು ಏರುತ್ತದೆ. ಕಮಿಷನ್ನಿನ ವಿಷಯದಲ್ಲಿ ಮಾತ್ರ ಅವರು ನಮ್ಮವರನ್ನು ಮೀರಿಸಿದ್ದಾರೆ. ಮಾರುವವನಿಂದಲೂ ಪಡೆಯುತ್ತಾರೆ, ಕೊಳ್ಳುವವನಿಂದಲೂ ಪಡೆಯುತ್ತಾರೆ. ಕೊಳ್ಳುವವನ ಮೇಲಿನದು ದೊಡ್ಡ ಸಂಸ್ಥೆಗಳಲ್ಲಿ ನೂರಕ್ಕೆ ಇಪ್ಪತ್ತನ್ನೂ ದಾಟುತ್ತದೆ. ಪತ್ರಿಕೆಯಲ್ಲಿ ಬರುವ ಮೊತ್ತದಲ್ಲಿ ಇದೂ ಸೇರಿರುವುದುಂಟು. ಅಷ್ಟೂ ಮಾರಿದವನ ಕೈಗೆ ಬಂತೆಂದು ತಿಳಿಯಬಾರದು.

ಇದನ್ನೆಲ್ಲ ತೋಟಗಾರರ ಪತ್ರಿಕೆಯಲ್ಲಿ ಏಕೆ ಬರೆಯುತ್ತಿದ್ದೀರಿ ಎಂದು ಕೇಳುವವರಿದ್ದಾರೆ. ಕಾರಣ ನಮ್ಮ ಮನೆಯಲ್ಲೇ ಇದೆ.

2001-02ರ ಹೊತ್ತಿಗೆ ಕಾಫಿ ದರ ನೆಲ ಕಚ್ಚಿದ್ದನ್ನು ಯಾರೂ ಮರೆತಿರಲಾರರು. ಆಳಿನ ಸಂಬಳಕ್ಕೂ ಪರದಾಡಿದ ಕಾಲ. ಆ ವರ್ಷದ ಮಳೆಗಾಲ ಕಳೆದ ಮೇಲೆ ಒಬ್ಬ ವ್ಯಾಪಾರಿ ವ್ಯಾನಿನಲ್ಲಿ ನಮ್ಮ ಅಂಗಳಕ್ಕೆ ಬಂದ. ಹಳೆಯ ಪಾತ್ರೆ, ಹಳೆಯ ಮರದ ಸಾಮಾನು ಇದ್ದರೆ ಕೊಳ್ಳುತ್ತೇನೆ ಎಂದ. ಮಾತು ಬಹಳ ನಯ. ಕಾಫಿ ಕೊಟ್ಟೆವು. ಅಟ್ಟದ ಮೇಲೆ ಹತ್ತಿ ನಾವೇ ಇಳಿಸಿಕೊಟ್ಟೆವು: ಮನೆ ಅಜ್ಜ ಉಪಯೋಗಿಸುತ್ತಿದ್ದ ಹಿತ್ತಾಳೆಯ ಎಲೆ ಅಡಿಕೆ ಪೆಟ್ಟಿಗೆ, ಅದರೊಳಗಿನ ಸುಣ್ಣದ ಡಬ್ಬಿ, ಹಕ್ಕಿಯ ಆಕಾರದ ಹಿಡಿಯಿದ್ದ ಅಡಕತ್ತರಿ, ಎರಡು ತೂಗುದೀಪ, ಲೆಕ್ಕ ಬರೆಯುವ ಬೀಟೆ ಮರದ ಇಳಿಜಾರು ಪೆಟ್ಟಿಗೆ. ಅವನು ತಕ್ಕಡಿ ತಂದಿದ್ದ. ಹಿತ್ತಾಳೆಯನ್ನು ಕಿಲೋ ಲೆಕ್ಕದಲ್ಲಿ ತೂಗಿದ. ಬೀಟೆ ಪೆಟ್ಟಿಗೆಗೆ ಕಣ್ಣಂದಾಜಿನ ಬೆಲೆ ಕಟ್ಟಿದ.

ಒಳಗಿದ್ದ ನಮ್ಮ ತಾಯಿ ತಕ್ಕಡಿಯ ಸದ್ದು ಕೇಳಿ ಹೊರಗೆ ಬಂದರು. "ಆ ಅಡಕತ್ತರಿ ಒಂದು ಇರ್ಲಿ ಮಾರಾಯ, ಮಾವ ಅದನ್ನ ಯಾರ ಕೈಗೂ ಕೊಡ್ತಿರ್ಲಿಲ್ಲ" ಎಂದರು. ವ್ಯಾಪಾರಿ, "ಸೆಟ್ಟು ಒಡೆದ್ರೆ ರೇಟು ಬರೋದಿಲ್ಲ ಅಮ್ಮಾ" ಎಂದ. ನಾವು ಅವನ ಮಾತು ಕೇಳಿದೆವು. ಒಟ್ಟು ಸಿಕ್ಕಿದ್ದು ಆ ವಾರದ ಬಟವಾಡೆಗೂ ಪೂರ್ತಿ ಸಾಲಲಿಲ್ಲ. ತಾಯಿಯವರು ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕೆಲವು ವರ್ಷಗಳ ನಂತರ ಸಂಘದ ಕೆಲಸದ ಮೇಲೆ ದೊಡ್ಡ ಊರೊಂದಕ್ಕೆ ಹೋದಾಗ, ಹಳೆಯ ವಸ್ತುಗಳ ಅಂಗಡಿಯ ಗಾಜಿನ ಹಿಂದೆ ಅಂಥದೇ ಎಲೆ ಅಡಿಕೆ ಪೆಟ್ಟಿಗೆ ಕಂಡಿತು. ನಮ್ಮದೇ ಎಂದು ಹೇಳುವ ಧೈರ್ಯ ನಮಗಿಲ್ಲ. ಒಳಗೆ ಹೋಗಿ ಬೆಲೆ ಕೇಳಿದೆವು. ನಮಗೆ ಅಂದು ಎಲ್ಲ ಸೇರಿ ಬಂದದ್ದರ ಎಷ್ಟೋ ಪಟ್ಟು ಹೇಳಿದರು. ಇದು ಎಲ್ಲಿಯದು ಎಂದು ಕೇಳಿದೆವು. ಅಂಟಿಸಿದ್ದ ಚೀಟಿ ತೋರಿಸಿದರು. "ದಕ್ಷಿಣ ಭಾರತ" ಎಂದಷ್ಟೇ ಇತ್ತು. ಅಂಗಡಿಯವರು ಸುಳ್ಳು ಬರೆದಿರಲಿಲ್ಲ, ಅವರಿಗೆ ಗೊತ್ತಿದ್ದದ್ದು ಅಷ್ಟೇ. ಯಾವ ಹಳ್ಳಿ, ಯಾವ ಮನೆ, ಯಾರು ಮಾಡಿಸಿದ್ದು, ಯಾವ ಮದುವೆಗೆ ಬಂದದ್ದು ಎಂಬುದೆಲ್ಲ ಪೆಟ್ಟಿಗೆಯ ಜೊತೆ ವ್ಯಾನು ಹತ್ತಲಿಲ್ಲ, ಅಂಗಳದಲ್ಲೇ ಉಳಿಯಿತು. ಬರ್ಕ್‌ಷೈರಿನ ಮೂರು ಅಡಿಕೆಯ ಸುದ್ದಿ ನಮ್ಮನ್ನು ಚುಚ್ಚಿದ್ದು ಈ ಕಾರಣಕ್ಕೆ. ಕದ್ದೊಯ್ದವರು ಕರಡಿಗೆಯನ್ನು ಅಡಿಕೆಯ ಸಹಿತ ಕಾಪಾಡಿ, ಎಲ್ಲಿಂದ ಬಂತೆಂದು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದರು. ನಾವು ನಮ್ಮದನ್ನು ತೂಕಕ್ಕೆ ಹಾಕಿದೆವು.

ಮಾರುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ಮಗಳ ಮದುವೆ, ಆಸ್ಪತ್ರೆ ಖರ್ಚು, ಸಾಲದ ಕಂತು ಇರುವ ಮನೆಗೆ ತೂಗುದೀಪ ಮಾರಬೇಡ ಎಂದು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ. ಮಾರುವುದಾದರೆ ಮಾಲು ಏನೆಂದು ತಿಳಿದು ಮಾರಬೇಕು. ಬೆಟ್ಟೆಯನ್ನು ಗೊರಬಲಿನ ದರಕ್ಕೆ ಕೊಡುವವರು ನಮ್ಮಲ್ಲಿ ಯಾರಿದ್ದಾರೆ?

ಇನ್ನು ಕಾಯಿದೆಯ ವಿಷಯ. ಇದನ್ನು ತಿಳಿಯದೆ ತೊಂದರೆಗೆ ಸಿಕ್ಕಬಾರದು. ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆ 1972ರಲ್ಲಿ ಆಯಿತು, 1976ರ ಏಪ್ರಿಲ್ 5ರಿಂದ ಜಾರಿಗೆ ಬಂತು. ನೂರು ವರ್ಷ ದಾಟಿದ ಕಲಾವಸ್ತು, ಕೆತ್ತನೆ, ನಾಣ್ಯ ಮುಂತಾದುವು ಪ್ರಾಚೀನ ವಸ್ತು. ಸಾಹಿತ್ಯ, ಶಾಸ್ತ್ರ, ಚರಿತ್ರೆಯ ಮಹತ್ವವಿರುವ ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ ಸಾಕು. ಇವುಗಳನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ, ದೇಶದೊಳಗೆ ಮಾರುವುದೂ ಅಪರಾಧವಲ್ಲ. ಆದರೆ ಕಲ್ಲು, ಲೋಹ, ದಂತ, ಸುಟ್ಟ ಮಣ್ಣಿನ ಪ್ರತಿಮೆಗಳು, ಮರದ ಶಿಲ್ಪಗಳು, ವರ್ಣಚಿತ್ರಗಳು, ಚಿತ್ರವಿರುವ ಹಸ್ತಪ್ರತಿಗಳು ಇದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ನೋಂದಣಾಧಿಕಾರಿಯಲ್ಲಿ ಫೋಟೋ ಸಹಿತ ನೋಂದಾಯಿಸಿ ಪ್ರಮಾಣಪತ್ರ ಪಡೆಯಬೇಕು. ಕೈ ಬದಲಾದರೆ ತಿಳಿಸಬೇಕು. ಈ ವ್ಯಾಪಾರ ಮಾಡುವವನಿಗೆ ಲೈಸನ್ಸ್ ಇರಬೇಕು. ವ್ಯಾನಿನಲ್ಲಿ ಬಂದವನನ್ನು ಲೈಸನ್ಸ್ ತೋರಿಸು ಎಂದು ಕೇಳಿ ನೋಡಿ, ಬಹಳಷ್ಟು ಜನ ಕಾಫಿ ಕುಡಿಯದೆಯೇ ಹೊರಡುತ್ತಾರೆ.

ಖಾಸಗಿಯವರು ಪ್ರಾಚೀನ ವಸ್ತುವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸೆರೆಮನೆ, ಜೊತೆಗೆ ದಂಡ. ಅಮೆರಿಕದಲ್ಲಿರುವ ಮಗನ ಮನೆಗೆ ಚೆಂದ ಕಾಣುತ್ತದೆಂದು ನೂರು ವರ್ಷದ ಮೂರ್ತಿಯನ್ನು ಸೂಟ್‌ಕೇಸಿಗೆ ಹಾಕುವವರು ಇದನ್ನು ಗಮನಿಸಬೇಕು. ಮುಂಬಯಿ, ದೆಹಲಿಗಳಲ್ಲಿ ನಡೆಯುವ ಹರಾಜುಗಳ ಪುಸ್ತಕದಲ್ಲೂ ಇಂಥ ಲಾಟಿನ ಕೆಳಗೆ ಹೊರದೇಶಕ್ಕೆ ಒಯ್ಯುವಂತಿಲ್ಲ ಎಂದು ಅಚ್ಚಾಗಿರುತ್ತದೆ. ಕೊಳ್ಳುವವರು ದೇಶದೊಳಗಿನವರೇ ಆದ್ದರಿಂದ, ಲಂಡನ್ನಿನ ದರವನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಕೂರುವುದರಲ್ಲಿ ಅರ್ಥವಿಲ್ಲ.

ಮಲೆನಾಡಿನ ಮನೆಗಳಲ್ಲಿ ಗೋಡೆಯ ಮೇಲೆ ಕೊಂಬು, ಚರ್ಮ, ಎಲ್ಲೋ ಒಂದು ದಂತ ಇರುವುದುಂಟು. ಅದು ಈ ಹರಾಜಿನ ಲೆಕ್ಕಕ್ಕೇ ಬರುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮಾರುವಂತೆಯೇ ಇಲ್ಲ, ಇಟ್ಟುಕೊಳ್ಳಲೂ ಮಾಲೀಕತ್ವದ ಪ್ರಮಾಣಪತ್ರ ಬೇಕು. ಕಾಫಿ ಗುಂಡಿ ತೋಡುವಾಗ ನಾಣ್ಯದ ಗಡಿಗೆಯೋ ಮೂರ್ತಿಯೋ ಸಿಕ್ಕಿದರೆ ಅದು ನಿಧಿ ಕಾಯಿದೆಗೆ ಸೇರಿದ್ದು, ಜಿಲ್ಲಾಧಿಕಾರಿಗೆ ತಿಳಿಸಬೇಕು. ಊರಿನ ದೇವಸ್ಥಾನದ, ದೈವಸ್ಥಾನದ ಸೊತ್ತನ್ನು ಮೊಕ್ತೇಸರರೇ ಆಗಲಿ ಹಳೆಯದಾಯಿತೆಂದು ಮಾರುವ ಮಾತೇ ಬೇಡ. ಕರಾವಳಿಯ ಮರದ ಭೂತಗಳ ದೊಡ್ಡ ಸಂಗ್ರಹವನ್ನು ಇಂದು ನೋಡಬೇಕೆಂದರೆ ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ಕ್ಷೇಮವಾಗಿವೆ ಎಂಬುದು ಒಂದು ಸಮಾಧಾನ, ಊರಿನವರಿಗೆ ನೋಡಸಿಗುವುದಿಲ್ಲ ಎಂಬುದು ಇನ್ನೊಂದು ಮಾತು.

ಸದಸ್ಯರು ನಮ್ಮಲ್ಲಿ ಹೆಚ್ಚಾಗಿ ಕೇಳುವುದು ರವಿವರ್ಮನ ಚಿತ್ರಗಳ ಬಗ್ಗೆ. ನಮ್ಮ ಮನೆಯಲ್ಲಿ ರವಿವರ್ಮನ ಲಕ್ಷ್ಮಿ ಇದೆ, ಎಷ್ಟು ಕೋಟಿ ಬರಬಹುದು ಎಂದು ಒಬ್ಬರು ಗಂಭೀರವಾಗಿಯೇ ಕೇಳಿದರು. 2023ರಲ್ಲಿ ಮುಂಬಯಿಯ ಪಂಡೋಲ್ಸ್ ಹರಾಜಿನಲ್ಲಿ ರವಿವರ್ಮನ ಯಶೋದೆ ಕೃಷ್ಣರ ಚಿತ್ರ 38 ಕೋಟಿ ರೂಪಾಯಿಗೆ ಹೋದದ್ದನ್ನು ಅವರು ಓದಿದ್ದರು. ಅದು ಅವನು ತನ್ನ ಕೈಯಾರೆ ತೈಲವರ್ಣದಲ್ಲಿ ಬರೆದದ್ದು. ನಮ್ಮ ಜಗಲಿಗಳಲ್ಲಿ ಇರುವುದು ಬಹುಪಾಲು ಅವನು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ, ಮುಂದೆ ಲೋಣಾವಳದ ಕಡೆಗೆ ಹೋಗಿ ಇನ್ನೊಬ್ಬರ ಕೈ ಸೇರಿದ ಅಚ್ಚುಕೂಟದಲ್ಲಿ ಸಾವಿರಗಟ್ಟಲೆ ಮುದ್ರಿಸಿದ ಪ್ರತಿಗಳು. ಭೂತಗನ್ನಡಿ ಹಿಡಿದರೆ ಅಚ್ಚಿನ ಚುಕ್ಕಿಗಳು ಕಾಣುತ್ತವೆ. ಕೆಳಗಿನ ಅಂಚಿನಲ್ಲಿ ಅಚ್ಚುಕೂಟದ ಹೆಸರು ಇರುತ್ತದೆ. ಅವಕ್ಕೂ ಸಂಗ್ರಾಹಕರಿದ್ದಾರೆ, ಸೀರೆಗೆ ಜರಿ ಚಮಕಿ ಅಂಟಿಸಿ ಅಲಂಕರಿಸಿದವನ್ನು ಹುಡುಕಿಕೊಂಡು ಬರುವವರಿದ್ದಾರೆ. ಆದರೆ ಚೌಕಟ್ಟು ಹಾಕುವವನು ಹೆಸರಿದ್ದ ಆ ಅಂಚನ್ನೇ ಕತ್ತರಿಸಿ ಬಿಸಾಡಿರುವುದು ಹೆಚ್ಚು. ಅಂದ ಹಾಗೆ ರವಿವರ್ಮನ ಮೂಲ ಚಿತ್ರಗಳು ನೂರು ವರ್ಷವಾಗುವ ಮೊದಲೇ ಕಲಾನಿಧಿ ಎಂದು ಸರಕಾರ ಘೋಷಿಸಿದ ಪಟ್ಟಿಗೆ ಸೇರಿದವು, ಹೊರದೇಶಕ್ಕೆ ಹೋಗುವಂತಿಲ್ಲ.

ನಮ್ಮ ಬೆಳೆಗೆ ಸೇರಿದ ವಸ್ತುಗಳನ್ನೂ ಕೀಳಾಗಿ ಕಾಣಬೇಕಿಲ್ಲ. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತು ಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಅಡಕತ್ತರಿಗಳನ್ನು ನೋಡಿರಬಹುದು. ಕುದುರೆ, ಗಿಳಿ, ಗಂಡುಹೆಣ್ಣು, ಹೀಗೆ ಎಷ್ಟು ಬಗೆ! ಕೇಳ್ಕರರು ಒಬ್ಬರೇ ಊರೂರು ಅಲೆದು ಮನೆಮನೆಯಿಂದ ಕೂಡಿಸಿದವು. ಅರಸರ ಕತ್ತಿಗಿಂತ ಇಂಥ ಮನೆಬಳಕೆಯ ವಸ್ತುಗಳೇ ನಮ್ಮ ಬದುಕಿನ ಬಗ್ಗೆ ಹೆಚ್ಚು ಹೇಳುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಮನೆಯಲ್ಲಿ ಇಂಥದ್ದೇನಾದರೂ ಇದ್ದವರು ಮೊದಲು ಮಾಡಬಾರದ್ದು ಉಜ್ಜುವುದು. ಹಬ್ಬಕ್ಕೆಂದು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ತಿಕ್ಕಿದರೆ ಕಾಲ ಕೊಟ್ಟ ಬಣ್ಣ ಹೋಗುತ್ತದೆ, ಗೀರು ಕೆತ್ತನೆ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ನಿತ್ಯ ಪೂಜೆಯ ದೀಪದ ಮಾತು ಬೇರೆ, ಅದು ಬೆಳಗಬೇಕಾದ್ದೇ. ಬೀಟೆ ಮರದ ಸಾಮಾನಿಗೆ ಪೇಟೆಯ ಪಾಲಿಷ್ ಬಳಿಸುವುದೂ ಬೇಡ. ತಾಳೆಗರಿಯ ಕಟ್ಟು ಇದ್ದರೆ ದಾರ ಬಿಚ್ಚಿ ಗರಿಗಳ ಕ್ರಮ ಕೆಡಿಸದೆ, ಓದಬಲ್ಲವರ ಹತ್ತಿರ ಒಯ್ಯಬೇಕು. ಸಾಗರದ ಹತ್ತಿರ ಕೆಳದಿಯ ವಸ್ತು ಸಂಗ್ರಹಾಲಯದಲ್ಲಿ ಇಂಥವನ್ನು ಕಾಪಾಡಿದ್ದಾರೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹೆಸರು ಎಲ್ಲರೂ ಕೇಳಿರುವುದೇ. ಕೌಟಿಲ್ಯನ ಅರ್ಥಶಾಸ್ತ್ರ ಜಗತ್ತಿಗೆ ಮತ್ತೆ ಸಿಕ್ಕಿದ್ದು ಅಲ್ಲಿಗೆ ಬಂದ ಒಂದು ತಾಳೆಗರಿ ಪ್ರತಿಯಿಂದ, ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಾಶಾಸ್ತ್ರಿಗಳು.

ಅದಕ್ಕಿಂತ ಮುಖ್ಯವಾದದ್ದಕ್ಕೆ ದುಡ್ಡು ಖರ್ಚಿಲ್ಲ. ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದೊಂದು ವಸ್ತುವನ್ನೂ ತೋರಿಸಿ ಕೇಳಬೇಕು. ಯಾರು ಮಾಡಿಸಿದ್ದು, ಎಲ್ಲಿಂದ ಬಂದದ್ದು, ಯಾರ ತವರಿನದ್ದು, ಯಾವಾಗ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಒಂದು ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದು, ಅಳತೆ ಬರೆದು, ಮೊಬೈಲಿನಲ್ಲಿ ತೆಗೆದ ಫೋಟೋ ಅಂಟಿಸಬೇಕು. ಹಳೆಯ ಪಾಲುಪಟ್ಟಿಗಳಲ್ಲಿ ಪಾತ್ರೆ ಪರಡಿಗಳ ಯಾದಿ ಇರುತ್ತದೆ. ಅದರ ಪ್ರತಿಯನ್ನೂ ಇಟ್ಟುಕೊಂಡರೆ ಅದಕ್ಕಿಂತ ಗಟ್ಟಿ ದಾಖಲೆ ಬೇರೆ ಬೇಕಿಲ್ಲ. ಮುಂದೆ ಮಾರಿದರೂ ಆ ಪುಟದ ನಕಲು ವಸ್ತುವಿನ ಜೊತೆ ಹೋಗಲಿ. ಮಾರದಿದ್ದರೆ ಮೊಮ್ಮಕ್ಕಳಿಗೆ ಇರಲಿ. ಕಳವಾದರೆ ಪೊಲೀಸರಿಗೆ ಕೊಡಲು ಅದೊಂದೇ ಆಧಾರ.

ನಮ್ಮ ತಾಯಿಯವರಿಗೆ ಈಗ ಎಂಬತ್ತು ದಾಟಿದೆ. ಕಳೆದ ಮಳೆಗಾಲದಲ್ಲಿ ಅವರ ಹತ್ತಿರ ಕೂತು, ಇಲ್ಲದ ವಸ್ತುಗಳ ಪಟ್ಟಿಯನ್ನೇ ಬರೆಯಲು ಶುರುಮಾಡಿದೆವು. ಎಲೆ ಅಡಿಕೆ ಪೆಟ್ಟಿಗೆ ತೀರ್ಥಹಳ್ಳಿ ಕಡೆಯ ಕಂಚುಗಾರರೊಬ್ಬರಿಂದ ಮಾಡಿಸಿದ್ದಂತೆ, ಒಳಗೆ ನಾಲ್ಕಲ್ಲ ಐದು ಖಾನೆಗಳಿದ್ದುವಂತೆ, ಐದನೆಯದರಲ್ಲಿ ಅಜ್ಜ ಲವಂಗ ಇಡುತ್ತಿದ್ದರಂತೆ. ಅಡಕತ್ತರಿಯ ಹಕ್ಕಿಗೆ ಒಂದು ಕಣ್ಣು ಬಿದ್ದುಹೋಗಿತ್ತು, ಅದು ನಮಗೂ ನೆನಪಿದೆ. ಯಾವುದಾದರೂ ಸದಸ್ಯರ ಕಣ್ಣಿಗೆ ಎಲ್ಲಾದರೂ ಬಿದ್ದರೆ ಸಂಘದ ಕಚೇರಿಗೆ ಒಂದು ಮಾತು ತಿಳಿಸಬೇಕಾಗಿ ಕೋರುತ್ತೇವೆ. ಎಡಗಣ್ಣು.